ಕೈ ಬಿಟ್ಟರೆ ತಾನಾಗಿ ಮರಳಬೇಕು

ನಿಮ್ಮ ಮನೆಯಂಗಳದಲ್ಲಿ ನಿಂತಿರುವ ಮೋಟಾರು ಬೈಕಿನ ಬಳಿಗೆ ಒಮ್ಮೆ ಹೋಗಿರಿ. ಇಂಜಿನ್ ಆರಿರಲಿ. ಆಕ್ಸಿಲರೇಟರಿನ ಹಿಡಿಯನ್ನು ಪೂರ್ತಿ ತಿರುಗಿಸಿ ಥಟ್ಟನೆ ಕೈ ಬಿಡಿರಿ. ‘ಟಕ್’ ಎಂಬ ಸದ್ದಿನೊಡನೆ ಅದು ತಾನಾಗಿಯೇ ಸ್ವಸ್ಥಾನಕ್ಕೆ ಮರಳಿತೇ? ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಹೊರಳಿಸಿ ಮತ್ತೊಮ್ಮೆ, ಬಲಕ್ಕೆ ಹೊರಳಿಸಿ ಇನ್ನೊಮ್ಮೆ ಪರೀಕ್ಷಿಸಿರಿ. ಮೂರರಲ್ಲಿ ಒಂದು ಸಲವಾದರೂ ಹಿಡಿ ತೆವಳುತ್ತಾ ಬಂದರೆ ಅಥವಾ ನಡುವೆಯೇ ನಿಂತರೆ, ದುರಸ್ತಿಯಾಗುವವರೆಗೆ ಆ ಬೈಕು ರಸ್ತೆಗಿಳಿಯಬಾರದು.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಈ ದೋಷವನ್ನು ಸವಾರನ ಕೈಯೇ ಮುಚ್ಚಿಡುತ್ತದೆ. ಬಿಗಿಯಾದ ಹಿಡಿಯನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸುವುದು ನಾಲ್ಕೇ ದಿನಗಳಲ್ಲಿ ರೂಢಿಯಾಗಿ, ದೋಷವಿದೆಯೆಂಬುದೇ ಮರೆತುಹೋಗುತ್ತದೆ. ತಿರುವಿನಲ್ಲಿ ದನವೊಂದು ಅಡ್ಡ ಬಂದಾಗ ಗಾಬರಿಗೊಂಡ ಕೈ ಹಿಡಿಯನ್ನು ಅದುಮಿ ಹಿಡಿದೀತು. ಹಿಂದಕ್ಕೆ ತಿರುಗಿಸಲು ಅದಕ್ಕೆ ತೋಚೀತೇ? ಆಗ ಹಿಂದಿನ ಸೀಟಿನಲ್ಲಿ ಹೆಂಡತಿ ಮಕ್ಕಳಿರುತ್ತಾರೆ.

ಹಿಡಿಯಿಂದ ಹೊರಟ ಉಕ್ಕಿನ ತಂತಿಯು ಕೇಬಲ್ಲಿನ ಹೊದಿಕೆಯೊಳಗೆ ಸಾಗಿ, ಹಳೆಯ ಬೈಕುಗಳಲ್ಲಿ ಕಾರ್ಬುರೇಟರಿನ ಸ್ಲೈಡನ್ನು ಮೇಲಕ್ಕೆಳೆಯುತ್ತದೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ನಿಯಮದ ನಂತರದ ಹೆಚ್ಚಿನ ಬೈಕುಗಳಲ್ಲಿ ಅದು ಥ್ರಾಟಲ್ ಬಾಡಿಯ ತಟ್ಟೆಯನ್ನು ತೆರೆಯುತ್ತದೆ. ಮರಳಿ ಮುಚ್ಚುವುದು ಸ್ಪ್ರಿಂಗಿನ ಕೆಲಸ. ಆ ಸ್ಪ್ರಿಂಗಿನ ಬಲವನ್ನು ಘರ್ಷಣೆ ಎಲ್ಲಿ ನುಂಗುತ್ತಿದೆಯೆಂದು ಪತ್ತೆಹಚ್ಚುವುದೇ ದುರಸ್ತಿಯ ಮುಕ್ಕಾಲು ಪಾಲು.

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗನ ಬೈಕಿಗೆ ಇದೇ ತೊಂದರೆ ಬಂದಿತು. ಗ್ಯಾರೇಜಿನಲ್ಲಿ ಹೊಸ ಕೇಬಲ್ ಹಾಕಿಕೊಟ್ಟರು. ದೋಷ ಹಾಗೆಯೇ ಉಳಿಯಿತು. “ಮಾವ, ಇನ್ನು ಕಾರ್ಬುರೇಟರನ್ನೇ ಬದಲಾಯಿಸಬೇಕಂತೆ” ಎಂದ. ಹಿಡಿಯ ಪಕ್ಕದ ಸ್ವಿಚ್ಚಿನ ಗೂಡನ್ನು ಬಿಚ್ಚಿ, ಕೇಬಲ್ಲಿನ ತುದಿಯನ್ನು ಕಳಚಿ, ತಂತಿಯನ್ನು ಕೈಯಿಂದ ಎಳೆದು ಬಿಟ್ಟೆವು. ಬೆಣ್ಣೆಯಲ್ಲಿ ಜಾರಿದಷ್ಟು ಸಲೀಸಾಗಿ ಮರಳಿತು. ಅಲ್ಲಿಗೆ ಕೇಬಲ್ಲೂ ಕಾರ್ಬುರೇಟರೂ ನಿರ್ದೋಷಿಗಳೆಂದಾಯಿತು. ಆತ ಚೆಂದಕ್ಕೆಂದು ಹಾಕಿಸಿದ್ದ ದಪ್ಪ ರಬ್ಬರಿನ ಹಿಡಿಯು ಹ್ಯಾಂಡಲಿನ ತುದಿಯ ಕಬ್ಬಿಣದ ಗುಂಡಿಗೆ ಉಜ್ಜುತ್ತಿತ್ತು. ಬ್ಲೇಡಿನಿಂದ ಅಂಚನ್ನು ಒಂದೆರಡು ಮಿಲಿಮೀಟರ್ ಕೊಯ್ದದ್ದೇ ಸಾಕಾಯಿತು. ಕಾರ್ಬುರೇಟರಿನ ಹಣ ಉಳಿಯಿತು. ರಬ್ಬರಿನಡಿಯ ಕೊಳವೆಯಲ್ಲಿ ಹಳೆಯ ಗ್ರೀಸು ಧೂಳಿನೊಡನೆ ಬೆರೆತು ಅಂಟಾಗಿರುವುದೂ ಉಂಟು. ಅದನ್ನು ಒರೆಸಿ ತೆಗೆಯಬೇಕು. ಮೇಲೆ ಮತ್ತೆ ಗ್ರೀಸು ಬಳಿಯುವ ಉತ್ಸಾಹ ಬೇಡ.

ತಂತಿಯೇ ತಡೆದರೆ ಕೆಳತುದಿಯನ್ನೂ ಕಳಚಿ, ಕೇಬಲನ್ನಷ್ಟೇ ಎಳೆದು ನೋಡಿರಿ. ನಮ್ಮ ಮಳೆನೀರು ಒಳಗಿಳಿದು ತುಕ್ಕು ಹಿಡಿಸಿರಬಹುದು. ಒಂದೇ ಒಂದು ಎಳೆ ಕಡಿದು ಮುಳ್ಳಿನಂತೆ ಎದ್ದಿದ್ದರೂ ಆ ಕೇಬಲನ್ನು ಎಸೆಯಿರಿ. ಎಣ್ಣೆ ಹಾಕಿ ಕಾಲ ತಳ್ಳಬೇಡಿರಿ. ಹೊಸದು ಹಳೆಯದರ ದಾರಿಯಲ್ಲಿಯೇ ಸಾಗಬೇಕು. ಎಲ್ಲಿಯೂ ಚೂಪಾಗಿ ಬಾಗಬಾರದು, ಟ್ಯಾಂಕಿನಡಿ ಸಿಕ್ಕಿಕೊಳ್ಳಬಾರದು. ಹಿಡಿಯಲ್ಲಿ ಸ್ವಲ್ಪ ಸಡಿಲವೂ ಇರಬೇಕು. ಹಲವು ಬೈಕುಗಳಿಗೆ ಅದು 2ರಿಂದ 6 ಮಿಲಿಮೀಟರ್, ನಿಮ್ಮದರ ಅಳತೆ ಕೈಪಿಡಿಯಲ್ಲಿದೆ. ಕೇಬಲ್ ಸಲೀಸಾಗಿದ್ದೂ ದೋಷ ಉಳಿದರೆ ಸ್ಲೈಡಿನಲ್ಲಿಯೋ ತಟ್ಟೆಯಲ್ಲಿಯೋ ಕೊಳೆ ಕೂತಿದೆಯೆಂದು ತಿಳಿದು, ಬಲ್ಲ ಮೆಕ್ಯಾನಿಕ್‌ಗೆ ಒಪ್ಪಿಸಿರಿ. ಎಲ್ಲ ಮುಗಿದ ಮೇಲೆ ಬಯಲಿನಲ್ಲಿ, ನ್ಯೂಟ್ರಲ್‌ನಲ್ಲಿ, ಇಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಎರಡೂ ಕಡೆಗೆ ಹೊರಳಿಸಿರಿ. ಇಂಜಿನ್ನಿನ ಸದ್ದು ಏರಿದರೆ ಕೇಬಲ್ ಎಲ್ಲಿಯೋ ಬಿಗಿಯುತ್ತಿದೆ.

ದಾರಿಯಲ್ಲಿಯೇ ಹಿಡಿ ಸಿಕ್ಕಿಕೊಂಡರೆ? ಮೊದಲು ಕ್ಲಚ್ ಹಿಡಿಯಿರಿ. ಇಂಜಿನ್ ಅರಚಿದರೂ ಅಂಜಬೇಡಿರಿ, ಅದರ ಬಲ ಆಗ ಚಕ್ರವನ್ನು ಮುಟ್ಟುವುದಿಲ್ಲ. ಎರಡೂ ಬ್ರೇಕುಗಳನ್ನು ಹದವಾಗಿ ಒತ್ತುತ್ತಾ ಇಂಜಿನ್ ನಿಲ್ಲಿಸುವ ಸ್ವಿಚ್ಚನ್ನು ಒತ್ತಿರಿ; ಅದಿಲ್ಲದಿದ್ದರೆ ಕೀಲಿಯನ್ನು ಆಫ್‌ಗೆ ಮಾತ್ರ ತಿರುಗಿಸಿರಿ, ಹ್ಯಾಂಡಲ್ ಲಾಕ್‌ನವರೆಗೆ ಒಯ್ಯಬೇಡಿರಿ. ನಮ್ಮ ಹೆಣ್ಣುಮಕ್ಕಳು ಹೆಚ್ಚಾಗಿ ಓಡಿಸುವ ಗೇರಿಲ್ಲದ ಸ್ಕೂಟರುಗಳಲ್ಲಿ ಹಿಡಿದುಕೊಳ್ಳಲು ಕ್ಲಚ್ಚೇ ಇಲ್ಲ. ಆದುದರಿಂದ ಈ ಪರೀಕ್ಷೆಯನ್ನು ಅವರ ಸ್ಕೂಟರಿನಿಂದಲೇ ಆರಂಭಿಸಿರಿ.