ಮೇಲೆ ನೋಡುತ್ತ ನಡೆಯುವವರ ಹಾಡು

ಹಾಡಿಗೆ ಅರ್ಥ ಬೇಕೆ, ಬೇಡವೆ ಎಂಬ ಚರ್ಚೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಊಟದಷ್ಟೇ ನಿತ್ಯದ್ದು. ಬೇಕೆನ್ನುವವರದು ಭಾವಗೀತೆಯ ಪಕ್ಷ. ಬೇಡವೆನ್ನುವವರದು ಸಿನಿಮಾ ಹಾಡಿನ ಪಕ್ಷ. ನಾನು ಯಾವ ಪಕ್ಷಕ್ಕೂ ಸೇರದೆ ಉಳಿದದ್ದು ಒಂದು ಜಪಾನೀ ಹಾಡಿನ ದೆಸೆಯಿಂದ. ಅದರ ಒಂದು ಶಬ್ದವೂ ತಿಳಿಯದಿದ್ದಾಗಲೇ ಅದು ನನಗೆ ಹಿಡಿಸಿತು. ಅರ್ಥ ತಿಳಿದ ಮೇಲೆ ಇನ್ನೂ ಹೆಚ್ಚಾಗಿ ಹಿಡಿಸಿತು. ಹೀಗಾಗಿ ಎರಡು ಪಕ್ಷದವರೂ ನನ್ನನ್ನು ನಂಬುವುದಿಲ್ಲ.

ಹಾಡಿದವನು ಕ್ಯೂ ಸಕಾಮೊಟೊ. 1941ರಲ್ಲಿ ಕವಾಸಾಕಿ ಎಂಬ ಕಾರ್ಖಾನೆಗಳ ಊರಿನಲ್ಲಿ, ಒಂಬತ್ತು ಮಕ್ಕಳಲ್ಲಿ ಕಡೆಯವನಾಗಿ ಹುಟ್ಟಿದ. ಅವನ ಹೆಸರನ್ನು ಬರೆಯುವ ಅಕ್ಷರದ ಅರ್ಥವೇ ‘ಒಂಬತ್ತು’. ಸಾಲಾಗಿ ಹೆಣ್ಣುಮಕ್ಕಳು ಹುಟ್ಟಿದರೆ ಕಡೆಯವಳಿಗೆ ಸಾಕಮ್ಮ ಎಂದು ಹೆಸರಿಡುವ ನಮ್ಮವರಿಗೆ ಇದೇನೂ ವಿಚಿತ್ರವಲ್ಲ. ಎಲ್ವಿಸ್ ಪ್ರೆಸ್ಲಿಯ ಹುಚ್ಚು ಹಿಡಿಸಿಕೊಂಡು, ಹದಿಹರೆಯದಲ್ಲೇ ರಾಕಬಿಲಿ ತಂಡಗಳಲ್ಲಿ ಕುಣಿದು ಹಾಡಿ, 1961ರಲ್ಲಿ ಇನ್ನೂ ಇಪ್ಪತ್ತು ತುಂಬುವ ಮೊದಲೇ ‘ಉಎ ಒ ಮುಇತೆ ಅರುಕೋ’ ಎಂಬ ಹಾಡನ್ನು ಹಾಡಿದ. ‘ಮೇಲೆ ನೋಡುತ್ತ ನಡೆಯೋಣ’ ಎಂದು ಅದರ ಅರ್ಥ. ಬರೆದವನು ರೊಕುಸುಕೆ ಏಯಿ, ರಾಗ ಹಾಕಿದವನು ಹಚಿದಾಯ್ ನಕಾಮುರಾ.

ಮೇಲೆ ನೋಡುವುದು ಏತಕ್ಕೆ? ಆಕಾಶದ ಸೊಬಗನ್ನು ಸವಿಯುವುದಕ್ಕಲ್ಲ. ಕಣ್ಣೀರು ಕೆಳಗೆ ಬೀಳದಿರಲಿ ಎಂದು. ರಾತ್ರಿ ಒಬ್ಬನೇ ನಡೆಯುತ್ತಿರುವವನು ಕಳೆದುಹೋದ ವಸಂತವನ್ನು, ಬೇಸಗೆಯನ್ನು, ಶರತ್ಕಾಲವನ್ನು ನೆನೆಯುತ್ತಾನೆ. ಚಳಿಗಾಲದ ಹೆಸರನ್ನು ಮಾತ್ರ ಎತ್ತುವುದಿಲ್ಲ. ಅವನು ನಡೆಯುತ್ತಿರುವುದೇ ಚಳಿಗಾಲದಲ್ಲಿ ಎಂದು ನಾನು ತಿಳಿದುಕೊಂಡಿದ್ದೇನೆ. ದುಃಖದ ಕಾರಣವೇನೆಂದು ಅವನು ಹೇಳುವುದೂ ಇಲ್ಲ, ನಾವು ಕೇಳುವುದೂ ಇಲ್ಲ.

ಇಂಥ ಹಾಡನ್ನು ಅವನು ಹಾಡಿದ ಬಗೆಯೇ ಬೇರೆ. ಒಂದೊಂದು ಸ್ವರವನ್ನೂ ತುಂಡುಮಾಡಿ, ಬಿಕ್ಕಳಿಕೆ ಬಂದವನಂತೆ ಧ್ವನಿಯನ್ನು ಚಿಮ್ಮಿಸುತ್ತಾನೆ. ಅದು ರಾಕಬಿಲಿಯ ಅಭ್ಯಾಸಬಲ. ತನ್ನ ಮಾತುಗಳನ್ನು ಈ ಹುಡುಗ ಗೇಲಿ ಮಾಡುತ್ತಿದ್ದಾನೆಂದು ಕವಿಗೆ ಮೊದಲು ಸಿಟ್ಟೇ ಬಂದಿತಂತೆ. ನನಗಾದರೋ ಅದೇ ಸರಿಯಾಗಿ ಕೇಳಿಸುತ್ತದೆ. ಅಳು ತಡೆದುಕೊಂಡು ಮಾತಾಡುವವನ ಗಂಟಲು ಹಾಗಲ್ಲದೆ ಇನ್ನು ಹೇಗಿದ್ದೀತು? ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಭಜನಾಮಂಡಳಿಯ ಹಾರ್ಮೋನಿಯಂ ಮೇಲೆ ಇದರ ಮೊದಲ ಸಾಲನ್ನು ಹುಡುಕಿ ನೋಡಿದೆ. ನಮ್ಮ ಮೋಹನ ರಾಗದ ಐದು ಸ್ವರಗಳೊಳಗೇ ಸಿಕ್ಕಿತು. ಪೆಟ್ಟಿಗೆ ಬಾರಿಸುವ ಮಾವ, “ಯಾವ ದಾಸರದ್ದಪ್ಪ ಇದು?” ಎಂದು ಕೇಳಿದರು. ಜಪಾನಿನದು ಎಂದರೆ ನಕ್ಕುಬಿಟ್ಟರು.

ಏಯಿ ಈ ಸಾಲುಗಳನ್ನು ಬರೆದದ್ದು ಪ್ರೇಮಭಂಗದಿಂದಲ್ಲ ಎಂದು ಹೇಳುತ್ತಾರೆ. 1960ರಲ್ಲಿ ಅಮೆರಿಕದೊಡನೆ ಆದ ರಕ್ಷಣಾ ಒಪ್ಪಂದವನ್ನು ವಿರೋಧಿಸಿ ಜಪಾನಿನ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದರು. ಆ ಮೆರವಣಿಗೆಗಳಲ್ಲಿ ಏಯಿಯೂ ಇದ್ದ. ಒಪ್ಪಂದ ನಿಲ್ಲಲಿಲ್ಲ. ಸೋತು ಮನೆಗೆ ಹಿಂದಿರುಗಿದವನ ನಡಿಗೆಯೇ ಈ ಹಾಡಿನ ಮೂಲ. ತಮಾಷೆಯೆಂದರೆ, 1963ರ ಜೂನ್ ತಿಂಗಳಲ್ಲಿ ಇದನ್ನು ಮೂರು ವಾರ ತಮ್ಮ ಬಿಲ್‌ಬೋರ್ಡ್ ಪಟ್ಟಿಯ ತಲೆಯ ಮೇಲೆ ಕೂರಿಸಿದವರು ಅಮೆರಿಕನ್ನರೇ! ಜಪಾನೀ ಭಾಷೆಯ ಬೇರಾವ ಹಾಡಿಗೂ ಆ ಸ್ಥಾನ ದೊರೆತಿಲ್ಲ. ಆದರೆ ಹೆಸರು ನಾಲಗೆಗೆ ತಿರುಗದೆಂದು ಪರದೇಶದ ರೆಕಾರ್ಡು ವ್ಯಾಪಾರಿಗಳು ಅದನ್ನು ‘ಸುಕಿಯಾಕಿ’ ಎಂದು ಕರೆದರು. ಸುಕಿಯಾಕಿ ಎಂದರೆ ದನದ ಮಾಂಸ, ತರಕಾರಿ ಹಾಕಿ ಬೇಯಿಸುವ ಒಂದು ಅಡುಗೆ. ಹಾಡಿನಲ್ಲಿ ಅಡುಗೆಯ ಪ್ರಸ್ತಾಪವೇ ಇಲ್ಲ. ‘ಮೈಸೂರು ಮಲ್ಲಿಗೆ’ಯ ಹಾಡೊಂದಕ್ಕೆ ಯಾರಾದರೂ ಬಿಸಿಬೇಳೆ ಭಾತ್ ಎಂದು ಹೆಸರಿಟ್ಟು ಲಂಡನ್ನಿನಲ್ಲಿ ಮಾರಿದರೆ ನಾವು ಸುಮ್ಮನಿರುತ್ತೇವೆಯೆ? ಸಕಾಮೊಟೊ ಮಾತ್ರ ಅಮೆರಿಕಕ್ಕೆ ಹೋಗಿ ನಗುನಗುತ್ತ ಹಾಡಿ ಬಂದ.

ಅವನ ಇತರ ಹಾಡುಗಳಲ್ಲಿ ಕೆಲವು ಬರಿಯ ಲವಲವಿಕೆಯವು. 1963ರದೊಂದರಲ್ಲಿ ಹುಡುಗಿಯನ್ನು ಮಾತಾಡಿಸಲು ಧೈರ್ಯ ಸಾಲದ ಹುಡುಗನೊಬ್ಬ ಪ್ರತಿದಿನವೂ ‘ನಾಳೆ ಇದೆಯಲ್ಲ’ ಎಂದುಕೊಳ್ಳುತ್ತಾನೆ. (ಅದನ್ನು ಬರೆದ ಯುಕಿಯೊ ಆವೊಷಿಮಾ ಮುಂದೆ 1995ರಲ್ಲಿ ಟೋಕಿಯೊದ ಗವರ್ನರನಾದ. ನಮ್ಮ ಹಿಂದಿನ ಬೆಂಚಿನ ಕವಿಗಳು ನಿರಾಶರಾಗಬೇಕಿಲ್ಲ.) 1964ರದೊಂದು, ನಮ್ಮ ಶಿಶುವಿಹಾರದ ಮಕ್ಕಳು ಇಂಗ್ಲಿಷಿನಲ್ಲಿ ಹಾಡಿ ಚಪ್ಪಾಳೆ ತಟ್ಟುತ್ತಾರಲ್ಲ, ಅದೇ ಧಾಟಿ.

ನನ್ನನ್ನು ಬಹಳ ಕಾಡಿದ್ದು ‘ರಾತ್ರಿಯ ನಕ್ಷತ್ರಗಳನ್ನು ನೋಡು’ ಎಂಬ ಹಾಡು. ಇದೂ ಏಯಿ ಬರೆದದ್ದೇ. ರಾಗ ತಾಕು ಇಜುಮಿಯದು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದುವ ಹುಡುಗರನ್ನು ಕುರಿತ 1960ರ ಗೀತನಾಟಕವೊಂದರದು. ಸಕಾಮೊಟೊ ಅದನ್ನು 1963ರಲ್ಲಿ ಹಾಡಿದ. ಆ ಕಾಲದಲ್ಲಿ ಹಳ್ಳಿಗಳಿಂದ ಹದಿನೈದು ತುಂಬಿದ ಮಕ್ಕಳನ್ನು ವಿಶೇಷ ರೈಲುಗಳಲ್ಲಿ ಟೋಕಿಯೊದ ಅಂಗಡಿ, ಕಾರ್ಖಾನೆಗಳಿಗೆ ಕರೆತರುತ್ತಿದ್ದರು. 1954ರಿಂದ 1975ರವರೆಗೆ ಆ ರೈಲುಗಳು ಓಡಿದವು. ಆ ಮಕ್ಕಳನ್ನು ‘ಚಿನ್ನದ ಮೊಟ್ಟೆ’ಗಳೆಂದು ಕರೆದರು. ಮೊಟ್ಟೆಯ ಅಭಿಪ್ರಾಯವನ್ನು ಯಾರು ಕೇಳುತ್ತಾರೆ?

ಇಂಥ ಒಂದು ಮೊಟ್ಟೆ ನಮ್ಮ ಮನೆಯಲ್ಲೂ ಉಂಟು. ಅಣ್ಣ ಎಸ್.ಎಸ್.ಎಲ್.ಸಿ. ಮುಗಿಸಿ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಹೊರಟಾಗ ನಾನು ಏಳನೆಯ ತರಗತಿ. ಅವನನ್ನು ಬಿಡಲು ನಾನೂ ಅಪ್ಪನೂ ಬಸ್ ನಿಲ್ದಾಣಕ್ಕೆ ಹೋಗಿದ್ದೆವು. ಅಣ್ಣ ನಮ್ಮ ಕಡೆ ತಿರುಗದೆ, ಕತ್ತೆತ್ತಿ ಬಸ್ಸಿನ ಬೋರ್ಡನ್ನೇ ನೋಡುತ್ತ ನಿಂತಿದ್ದ. ‘ಬೆಂಗಳೂರು’ ಎಂಬುದನ್ನು ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆಯಲಿರುವ ಮೊದಲನೆಯವನು ನಾನು. ಆ ಎರಡಕ್ಷರಗಳಲ್ಲಿ ಒಂದಾದರೂ ಅವನದು. ಈ ಹಾಡನ್ನು ಅವನಿಗೆ ಫೋನಿನಲ್ಲಿ ಕಳುಹಿಸಿದೆ. “ಏನೂ ತಿಳಿಯಲಿಲ್ಲ ಕಣೋ, ಚೆನ್ನಾಗಿದೆ. ಮೆಸ್ಸಿನ ದುಡ್ಡು ಬಂತಾ?” ಎಂದ.

1985ರ ಆಗಸ್ಟ್ 12ರಂದು ಟೋಕಿಯೊದಿಂದ ಒಸಾಕಾಕ್ಕೆ ಹೊರಟ ವಿಮಾನ ಬೆಟ್ಟಕ್ಕೆ ಬಡಿದು 520 ಮಂದಿ ಸತ್ತರು. ಅವರಲ್ಲಿ ಸಕಾಮೊಟೊ ಒಬ್ಬ, ವಯಸ್ಸು ನಲವತ್ತಮೂರು. 2011ರ ಮಾರ್ಚಿಯಲ್ಲಿ ಭೂಕಂಪವೂ ಸಮುದ್ರವೂ ಒಟ್ಟಿಗೆ ಎರಗಿದ ಮೇಲೆ, ಜಪಾನಿನ ಟೆಲಿವಿಷನ್ನಿನಲ್ಲಿ ಹಲವು ಕಲಾವಿದರು ಒಬ್ಬರಾದ ಮೇಲೊಬ್ಬರು ಹಾಡಿದ್ದು ಅವನ ಇವೇ ಎರಡು ಹಾಡುಗಳನ್ನು, ಮೇಲೆ ನೋಡುವುದನ್ನೂ ನಕ್ಷತ್ರದ್ದನ್ನೂ.

ಮೊದಲನೆಯ ಹಾಡಿನಲ್ಲಿ ಒಂದೆಡೆ ಮಾತು ನಿಂತು ಸಿಳ್ಳೆ ಬರುತ್ತದೆ. ಹಾಡಿಗಿಂತ ಸಿಳ್ಳೆಯನ್ನೇ ನಾನು ಚೆನ್ನಾಗಿ ಕಲಿತದ್ದು. ಕಳೆದ ದಸರೆಯ ರಜೆಯಲ್ಲಿ ಜಗಲಿಯ ಮೇಲೆ ಕೂತು ಸಿಳ್ಳೆ ಹಾಕುತ್ತಿದ್ದಾಗ ಅಜ್ಜಿ ಒಳಗಿನಿಂದಲೇ ಗದರಿದಳು: “ರಾತ್ರಿ ಹೊತ್ತು ಸಿಳ್ಳೆ ಹಾಕಬ್ಯಾಡ್ವೋ, ಹಾವು ಬತ್ತದೆ!” ಜಪಾನಿನ ಹಿರಿಯರೂ ಮಕ್ಕಳಿಗೆ ಇದೇ ಮಾತನ್ನು, ಇದೇ ಹಾವಿನ ಹೆಸರು ಹೇಳಿ ಹೆದರಿಸುತ್ತಾರೆಂದು ಅಜ್ಜಿಗೆ ತಿಳಿಸಿದೆ. “ಅಂಗಾರೆ ಅವರೂ ತಿಳಿದೋರೇ ಬಿಡು” ಎಂದು ಆಕೆ ಮಗ್ಗುಲು ಬದಲಿಸಿದಳು.