ಬಂತಾ? ಬಂತಾ?

ಆಗುಂಬೆ ಕಡೆಯ ಮಳೆಯನ್ನು ಬಲ್ಲವರಿಗೆ ಟಿ.ವಿ.ಯ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಧೋ ಎಂದು ಸುರಿಯತೊಡಗಿದರೆ ಮೊದಲು ಹೋಗುವುದು ಕರೆಂಟು. ಅದು ಅಪ್ಪಿತಪ್ಪಿ ಉಳಿದುಕೊಂಡಿತೋ, ಚಿತ್ರ ಹೋಗುತ್ತದೆ.

2023ರ ಜುಲೈಯಲ್ಲಿ ಆ ಕಡೆಯ ಒಂದು ಮನೆಯಲ್ಲಿ ಹೀಗೇ ಆಯಿತು. ಮನೆಯ ಯಜಮಾನರು ನಿವೃತ್ತ ಪೋಸ್ಟ್‌ಮಾಸ್ತರರು, ವಯಸ್ಸು ಎಪ್ಪತ್ತೆರಡು. ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಮಂಡಿನೋವಿನಿಂದಾಗಿ ಮಳೆಗಾಲವಿಡೀ ಅಂಗಳಕ್ಕೂ ಇಳಿಯದ ಅವರ ಹೆಂಡತಿಗೆ ಸಂಜೆಯ ಎರಡು ಧಾರಾವಾಹಿಗಳೇ ನೆರೆಹೊರೆ. ಆ ದಿನ ಧಾರಾವಾಹಿಯ ಸೊಸೆ ಇನ್ನೇನು ಬಾಗಿಲು ತೆರೆಯಬೇಕು, ಅವಳ ಮುಖ ಚೌಕ ಚೌಕವಾಗಿ ಒಡೆದು, ಮಾತು ತೊದಲಿ, ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಬರಹ ಬಂದು ಕುಳಿತಿತು.

ಮಾಸ್ತರರು ಕಂಬಳಿ ಕೊಪ್ಪೆ ಹಾಕಿಕೊಂಡು ಏಣಿಗೆ ಕೈ ಹಾಕಿದರು.

“ಬ್ಯಾಡ ಅಂದ್ರೆ ಕೇಳಿ. ಒಂದಿನ ನೋಡ್ದಿದ್ರೆ ಪ್ರಾಣ ಏನೂ ಹೋಗಲ್ಲ” ಎಂದು ಹೆಂಡತಿ ಕೂಗಿದ್ದು ಮಳೆಯಲ್ಲಿ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಪಾಪ, ಅವರದೂ ಒಂದು ಅನುಭವವೇ. 1987-88ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದಾಗ, ಮಾಡಿನ ಮೇಲೆ ಹತ್ತಿ ಮೀನಿನ ಮುಳ್ಳಿನಂಥ ಆಂಟೆನಾ ತಿರುಗಿಸಿ ಕೇರಿಗೆಲ್ಲ ರಾಮದರ್ಶನ ಮಾಡಿಸಿದವರು ಅವರೇ. ಮೇಲಿನಿಂದ “ಬಂತಾ?” ಕೆಳಗಿನಿಂದ “ಇಲ್ಲ... ಈಗ ಸ್ವಲ್ಪ... ಅಯ್ಯೋ ಹೋಯ್ತು... ಹಾಂ, ಅಲ್ಲೇ ಬಿಡಿ!” ಆ ವಿದ್ಯೆ ಮೈಗೆ ಹತ್ತಿದ್ದು ಇಳಿಯುವುದು ಹೇಗೆ?

ಆದರೆ ಆ ಆಂಟೆನಾ ಬೇರೆ, ಈ ಡಿಶ್ ಬೇರೆ. ಆಂಟೆನಾಕ್ಕೆ ಅಲೆಗಳು ದೂರದ ಗೋಪುರದಿಂದ ಗುಡ್ಡ ಮರಗಳನ್ನು ದಾಟಿಕೊಂಡು ಬರಬೇಕಿತ್ತು. ಹಾಗಾಗಿ ಎತ್ತರಕ್ಕೆ ಬೆಲೆಯಿತ್ತು. ಸ್ವಲ್ಪ ಓರೆಯಾದರೂ ಅದು ಮುನಿಸಿಕೊಳ್ಳುತ್ತಿರಲಿಲ್ಲ. ತೆರೆಯ ಮೇಲೆ ಚುಕ್ಕಿಗಳು ಹೆಚ್ಚಾಗಿ, ಕಡಿಮೆಯಾಗಿ ದಾರಿ ತೋರುತ್ತಿದ್ದವು. ಡಿಶ್ಶಿನ ಉಪಗ್ರಹವಾದರೋ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ನಮ್ಮ ಇಪ್ಪತ್ತಡಿಯ ಮಾಡು ಅದಕ್ಕೆ ಯಾವ ಲೆಕ್ಕ? ಆಗ್ನೇಯಕ್ಕೆ ಮೇಲ್ಮುಖವಾಗಿ ಬಯಲು ಆಕಾಶ ಕಂಡರೆ ಸಾಕು, ಅಂಗಳವೂ ಒಂದೇ, ಮಾಡೂ ಒಂದೇ. ಎರಡಡಿ ಅಗಲದ ಆ ತಟ್ಟೆಯ ಅಂಚು ಒಂದು ಬೆರಳಿನಗಲ ಸರಿದರೂ ಸಿಗ್ನಲ್ಲಿನ ಅರ್ಧ ಶಕ್ತಿ ಹೋದ ಹಾಗೆ. ಅದೂ ಡಿಜಿಟಲ್ ಚಿತ್ರ, ಬಂದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ.

ಅಸಲಿಗೆ ಆ ಸಂಜೆ ಡಿಶ್ಶಿಗೆ ಏನೂ ಆಗಿರಲಿಲ್ಲ. ಮನೆ ಡಿಶ್ಶಿಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ದಪ್ಪ ಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಜೋರು ಮಳೆ ದಾಟಿದರೆ ಚಿತ್ರ ತಾನಾಗಿ ಬರುತ್ತದೆ. ಹಿಂದೆ ಕೇಬಲ್‌ನವರು ಇಡುತ್ತಿದ್ದ ಹತ್ತು ಹನ್ನೆರಡು ಅಡಿಯ ಡಿಶ್ಶುಗಳು ಹಿಡಿಯುತ್ತಿದ್ದುದು ಏಳೆಂಟು ಸೆಂಟಿಮೀಟರಿನ ಅಲೆಗಳನ್ನು; ಮಳೆಗೆ ಅವು ಅಷ್ಟಾಗಿ ಜಗ್ಗುತ್ತಿರಲಿಲ್ಲ. ಹಳೆಯದೇ ಚೆನ್ನಾಗಿತ್ತು ಎನ್ನುವವರ ಮಾತು ಈ ಒಂದು ವಿಷಯದಲ್ಲಾದರೂ ನಿಜ.

ಅರ್ಧ ಗಂಟೆಗೆ ಮಳೆ ಹೊಳವಾಯಿತು. ಪಕ್ಕದ ಮನೆಯಲ್ಲಿ ಸೊಸೆ ಬಾಗಿಲು ತೆರೆದೇಬಿಟ್ಟಳು. ಮಾಸ್ತರರು ಅಷ್ಟು ಹೊತ್ತು ತಿರುಗಿಸಿದ್ದ ಡಿಶ್ ಮಾತ್ರ ಯಾವ ಆಕಾಶ ನೋಡುತ್ತಿತ್ತೋ! ಇಳಿಯುವಾಗ ಹಾವಸೆಯ ಮೇಲೆ ಕಾಲು ಜಾರಿತು. ಎರಡು ಹೆಂಚು ಒಡೆದವು. ಪಕಾಸು ಕೈಗೆ ಸಿಕ್ಕಿದ್ದರಿಂದ ಬದುಕಿದರು. ಕೆಳಗೆ ನೋಡಿದರೆ, ಅಂಗಳಕ್ಕೂ ಇಳಿಯದ ಹೆಂಡತಿ ಒದ್ದೆಯಾಗಿ ನಿಂತು ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡಿದ್ದರು. ಆ ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಮಾತಾಡಲಿಲ್ಲ.

ಕಂಪನಿಗೆ ಫೋನು ಮಾಡಿದರೆ ಕನ್ನಡಕ್ಕೆ ಇಷ್ಟನ್ನು ಒತ್ತಿ, ದೂರಿಗೆ ಇಷ್ಟನ್ನು ಒತ್ತಿ ಎಂಬ ಉಪಚಾರ. ಹುಡುಗ ಬಂದದ್ದು ಒಂಬತ್ತನೆಯ ದಿನ, ಹೂಬಿಸಿಲಿನಲ್ಲಿ. ಅಷ್ಟೂ ದಿನದ ದುಡ್ಡು ರೀಚಾರ್ಜಿನಿಂದ ಖರ್ಚಾಗಿತ್ತು. “ಯಾರು ಸಾರ್ ತಿರುಗಿಸಿದ್ದು?” ಎಂದಾಗ ಮಾಸ್ತರರು ತೋಟದ ಕಡೆ ನೋಡಿದರು.

ಒಳಗಿನಿಂದ ಹೆಂಡತಿ ಕೇಳಿದರು: “ಇದನ್ನ ಕೆಳಗೇ ಇಡಕ್ಕಾಗಲ್ವೇನಪ್ಪಾ?”

ಆಗುತ್ತಿತ್ತು. ಹಲಸಿನ ಒಂದು ಕೊಂಬೆ ಮಾತ್ರ ಅಡ್ಡ ಬರುತ್ತಿತ್ತು. ಬಕ್ಕೆ ಹಲಸು ಎಂದು ಯಾರಿಗೂ ಮುಟ್ಟಗೊಡದಿದ್ದ ಮಾಸ್ತರರು ತಾವೇ ಕತ್ತಿ ತಂದರು. ತುಕ್ಕು ಹಿಡಿದ ಕನೆಕ್ಟರನ್ನು ಹುಡುಗ ಬದಲಿಸಿ, ಟೇಪು ಸುತ್ತಿ, ನೀರು ವೈರಿನಗುಂಟ ಒಳಹೋಗದಂತೆ ಒಂದು ಕಡೆ ಕೆಳಕ್ಕೆ ಬಳುಕಿಸಿ ಬಿಟ್ಟ.

ಜಡಿಮಳೆ ಬಂದರೆ ಚಿತ್ರ ಆ ಮೇಲೂ ಹೋಗುತ್ತಿತ್ತು. ಮಾಸ್ತರರು ಜಗುಲಿಯಲ್ಲಿ ನಿಂತು, ನಾಲ್ಕು ಹೆಜ್ಜೆ ದೂರದ ಡಿಶ್ಶನ್ನು ನೋಡುತ್ತ ಕೈ ಹಿಸುಕಿಕೊಳ್ಳುತ್ತಿದ್ದರು. ಶ್ರಾವಣದ ಹೊತ್ತಿಗೆ ಅದರ ಸುತ್ತ ಬಿದಿರಿನ ಬೇಲಿ ಬಂತು. ದನ ಮುಟ್ಟಬಾರದೆಂದು ಹೆಂಡತಿ ಆಳಿನ ಕೈಯಲ್ಲಿ ಕಟ್ಟಿಸಿದ್ದು. ಆ ಮನೆಯಲ್ಲಿ ದನ ಸಾಕುವುದನ್ನು ಬಿಟ್ಟು ಆರು ವರ್ಷವಾಗಿತ್ತು.