ಅಂಕಲ್, ಬಾಲ್!

ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆ. ಸಂಜೆ ಆರರ ಹೊತ್ತು. ಹುಡುಗರು ಮೂರು ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಕ್ರಿಕೆಟ್ ಆಡುತ್ತಿದ್ದಾರೆ. ಕೆಲಸ ಮುಗಿಸಿ ಬಂದು ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸುತ್ತಿದ್ದ ತರುಣನ ಕಾಲ ಬಳಿಗೆ ಚೆಂಡು ಉರುಳಿ ಬರುತ್ತದೆ. ಹಿಂದೆಯೇ ಕೂಗು: ‘ಅಂಕಲ್, ಬಾಲ್! ಬಾಲ್ ಕೊಡಿ ಅಂಕಲ್!’ ಯಾರಪ್ಪಾ ಈ ಅಂಕಲ್ಲು ಎಂದು ತರುಣ ಹಿಂದಿರುಗಿ ನೋಡುತ್ತಾನೆ. ಅಲ್ಲಿ ಮೆಲುಕು ಹಾಕುತ್ತ ನಿಂತ ಒಂದು ಹಸುವನ್ನು ಬಿಟ್ಟರೆ ಬೇರಾರೂ ಇಲ್ಲ. ಹಸುವನ್ನು ಯಾರೂ ಅಂಕಲ್ ಎನ್ನುವುದಿಲ್ಲ.

ತರುಣನಿಗೆ 28 ವರ್ಷ. ಮದುವೆಯಾಗಿಲ್ಲ. ತಲೆಯಲ್ಲಿ ಕೂದಲಿದೆ, ಅದೂ ಕಪ್ಪಾಗಿಯೇ ಇದೆ. ಹೋದ ಬೇಸಿಗೆಯಲ್ಲಿ ಇದೇ ಹುಡುಗ ಇದೇ ರಸ್ತೆಯಲ್ಲಿ ನಿಂತು ‘ಅಣ್ಣಾ, ಬಾಲ್’ ಎಂದು ಕೂಗಿದ್ದ. ಒಂದೇ ವರ್ಷದಲ್ಲಿ ಅಂಥದ್ದೇನಾಯಿತು? ತನ್ನ ಪ್ರಾಯವನ್ನು ಸಾಬೀತುಮಾಡಲು ತರುಣ ತೋಳು ಬೀಸಿ ಚೆಂಡೆಸೆಯುತ್ತಾನೆ. ಅದು ಇಟ್ಟಿಗೆಗಳ ಕಡೆಗೆ ಹೋಗದೆ ಎದುರು ಮನೆಯ ಕಾಂಪೌಂಡಿನೊಳಕ್ಕೆ ಬೀಳುತ್ತದೆ. ‘ಪರ್ವಾಗಿಲ್ಲ ಬಿಡಿ ಅಂಕಲ್’ ಎನ್ನುತ್ತಾನೆ ಹುಡುಗ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಈ ‘ಅಂಕಲ್’ ಎಂಬ ಪದದ ಮೇಲೆ ಯಾರಾದರೂ ಒಂದು ಮೊಕದ್ದಮೆ ಹೂಡಬೇಕು. ಅಣ್ಣ, ಚಿಕ್ಕಪ್ಪ, ಮಾಮ, ದೊಡ್ಡಪ್ಪ, ತಾತ ಎಂದು ನಮ್ಮಲ್ಲಿ ಮೆಟ್ಟಿಲುಗಳಿದ್ದವು. ಮನುಷ್ಯ ಒಂದೊಂದರಲ್ಲೂ ಕೊಂಚ ಕೂತು ಸುಧಾರಿಸಿಕೊಂಡು ಮೇಲಕ್ಕೆ ಹೋಗಬಹುದಿತ್ತು. ಅಂಕಲ್ ಹಾಗಲ್ಲ. ತಡೆರಹಿತ ಬಸ್ಸಿನ ಹಾಗೆ. ಇಪ್ಪತ್ತೈದರ ಸುಮಾರಿಗೆ ಹತ್ತಿಸಿಕೊಂಡರೆ ಅರವತ್ತರವರೆಗೆ ಎಲ್ಲೂ ಇಳಿಸುವುದಿಲ್ಲ.

ಬೀದಿಯ ಹುಡುಗರದು ಹೀಗಾದರೆ ಮನೆಯೊಳಗಿನದು ಬೇರೆ. ಶಿವಮೊಗ್ಗದಿಂದ ಅಕ್ಕನ ಮಗಳು ಬೇಸಿಗೆ ರಜೆಗೆ ಬಂದಿದ್ದಳು. ಒಂಬತ್ತು ವರ್ಷದ ಹುಡುಗಿ. ಅಕ್ಕ ಅವಳನ್ನು ಬಿಟ್ಟು ಮಾರನೆಯ ದಿನವೇ ಹೊರಟುಹೋದಳು. ಒಂದು ರಾತ್ರಿ ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಆಕಾಶ ತೋರಿಸುತ್ತ ತರುಣ ಗ್ರಹಗಳ ಹೆಸರು ಹೇಳತೊಡಗಿದ. ಬುಧ, ಶುಕ್ರ ಎಂದು ಶುರುವಾದದ್ದು ಬಾಯಿಪಾಠದ ಓಟದಲ್ಲಿ ಪ್ಲೂಟೊದವರೆಗೂ ಹೋಯಿತು.

‘ಎಂಟೇ ಮಾಮ’ ಎಂದಳು ಹುಡುಗಿ.

ಎಂಟೇ ಸರಿ. 2006ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಸೇರಿದ ಖಗೋಳ ವಿಜ್ಞಾನಿಗಳು ಪ್ಲೂಟೊವನ್ನು ಗ್ರಹಗಳ ಪಂಕ್ತಿಯಿಂದ ಎಬ್ಬಿಸಿ ಕುಬ್ಜಗ್ರಹಗಳ ಸಾಲಿನಲ್ಲಿ ಕೂರಿಸಿದರು. ಆಗ ತರುಣ ನಾಲ್ಕನೆಯ ತರಗತಿ. ಅವನ ಪುಸ್ತಕದಲ್ಲಿ ಒಂಬತ್ತಿದ್ದವು, ಮೇಷ್ಟ್ರು ಕೇಳಿದ್ದೂ ಒಂಬತ್ತನ್ನೇ. ಆಮೇಲೆ ಎಂಟೆಂದು ತಿಳಿದಿದ್ದರೂ ನಾಲಗೆ ಮಾತ್ರ ಹಳೆಯ ಪಾಠವನ್ನೇ ಹಿಡಿದುಕೊಂಡಿತ್ತು.

ಹುಡುಗಿ ಕನಿಕರದಿಂದ ಕೇಳಿದಳು: ‘ನೀನು ಚಿಕ್ಕವನಿದ್ದಾಗ ಒಂಬತ್ತಿತ್ತಾ ಮಾಮ?’ ಸ್ವಲ್ಪ ಹೊತ್ತು ಯೋಚಿಸಿ ಮತ್ತೆ, ‘ಆವಾಗ ಕರೆಂಟ್ ಇತ್ತಾ?’

ಪ್ಲೂಟೊ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 248 ವರ್ಷ ಬೇಕು. ಮನುಷ್ಯನ ಕಣ್ಣಿಗೆ ಅದು ಬಿದ್ದದ್ದು 1930ರಲ್ಲಿ. ಅಂದರೆ ಅಲ್ಲಿಂದೀಚೆಗೆ ಅದಕ್ಕೆ ತನ್ನ ಲೆಕ್ಕದಲ್ಲಿ ಇನ್ನೂ ಒಂದು ವರ್ಷವೂ ತುಂಬಿಲ್ಲ. ತುಂಬುವುದು 2178ರ ಹೊತ್ತಿಗೆ. ಅಷ್ಟರಲ್ಲೇ ಅದಕ್ಕೆ ನಿವೃತ್ತಿ! ತರುಣನಿಗೆ ಆ ರಾತ್ರಿ ಪ್ಲೂಟೊದ ಮೇಲೆ ಹಿಂದೆಂದೂ ಇರದಿದ್ದ ಅಕ್ಕರೆ ಹುಟ್ಟಿತು.

ಮಕ್ಕಳ ಕಾಲಮಾನವೇ ಬೇರೆ. ಫ್ರಾನ್ಸಿನ ತತ್ತ್ವಜ್ಞಾನಿ ಪಾಲ್ ಜಾನೆ 1877ರಲ್ಲೇ ಇದಕ್ಕೊಂದು ಸರಳ ಲೆಕ್ಕ ಸೂಚಿಸಿದ್ದ. ಒಂಬತ್ತು ವರ್ಷದವರಿಗೆ ಒಂದು ವರ್ಷವೆಂದರೆ ಬದುಕಿದ್ದರಲ್ಲಿ ಒಂಬತ್ತನೆಯ ಒಂದು ಪಾಲು, 28ರವರಿಗೆ ಇಪ್ಪತ್ತೆಂಟನೆಯ ಒಂದು ಪಾಲು. ಹಾಗಾಗಿ ಅದೇ ವರ್ಷ ದೊಡ್ಡವರಿಗೆ ಬೇಗ ಕಳೆದಂತೆ ತೋರುತ್ತದೆ. ಇದನ್ನು ತೂಕಕ್ಕಿಟ್ಟು ಅಳೆಯಲಾಗದು, ನಿಜ. ಆದರೆ ಮನೆಯಲ್ಲಿ ಮಗುವಿದ್ದರೆ ಲೆಕ್ಕ ತಾಳೆಯಾಗುತ್ತದೆ. ಹೋದ ವರ್ಷ ಈ ಹುಡುಗಿ ಮೃಗಾಲಯಕ್ಕೆ ಹೋಗೋಣವೆಂದು ಹಟ ಹಿಡಿದಾಗ ತರುಣ ‘ಮುಂದಿನ ಸಲ’ ಎಂದು ಹೇಳಿ ಅದನ್ನು ಮರೆತೂಬಿಟ್ಟಿದ್ದ. ಅವನಿಗೆ ಅದು ಮೊನ್ನೆಯ ಮಾತು. ಅವಳು ಮಾತ್ರ ಅವನ ಲೆಕ್ಕದ ಮೂರು ವರ್ಷ ಜಿರಾಫೆಗಾಗಿ ಕಾದಿದ್ದಳು.

ಆ ಬೆಳಗ್ಗೆ ಅವಳು ತಲೆ ಬಾಚಿಸಿಕೊಂಡು, ನೀರಿನ ಬಾಟಲಿ ಹೆಗಲಿಗೇರಿಸಿ, ಬರಿಗಾಲಲ್ಲೇ ಅಂಗಳದಲ್ಲಿ ಸಿದ್ಧಳಾಗಿ ನಿಂತಳು. ತರುಣ ಹಲ್ಲುಜ್ಜುತ್ತ ಒಳಗಿನಿಂದಲೇ ಹೇಳಿದ: ‘ಇವತ್ತು ಮಂಗಳವಾರ, ಝೂ ರಜ. ನಾಳೆ ನೋಡೋಣ. ಮೊದಲು ಚಪ್ಪಲಿ ಮೆಟ್ಟಿಕೋ, ಬಿಸಿಲು ಕಾಯ್ತಾ ಇದೆ.’

ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಅಮ್ಮ ಬಾಗಿಲಿಗೆ ಬಂದು ಒಂದು ಗಳಿಗೆ ಅವನನ್ನೇ ನೋಡಿದರು. ‘ಏನಿಲ್ಲ. ನಿಮ್ಮಪ್ಪ ಮಾತಾಡಿದ ಹಾಗಾಯ್ತು’ ಎಂದು ಒಳಗೆ ಹೋದರು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ತರುಣ ಕನ್ನಡಿಯಲ್ಲಿ ನೋಡಿಕೊಂಡ. ಮುಖ ತನ್ನದೇ. ಧ್ವನಿ ಯಾವಾಗ ಬದಲಾಯಿತೋ ಗೊತ್ತಾಗಲಿಲ್ಲ. ‘ನಾಳೆ ನೋಡೋಣ’ ಎಂಬ ಮಾತನ್ನು ಚಿಕ್ಕಂದಿನಲ್ಲಿ ಅವನು ಎಷ್ಟು ದ್ವೇಷಿಸಿದ್ದ!

ಅದೇ ರಾತ್ರಿ ಭರಣಿ ಮಳೆ ಸಿಡಿಲು ಗುಡುಗಿನೊಡನೆ ಬಂತು. ಒಂಬತ್ತೂವರೆಗೆ ಒಂದು ಸಿಡಿಲು ಹತ್ತಿರದಲ್ಲೇ ಬಡಿದು ಮನೆಯೆಲ್ಲ ಕತ್ತಲೆ. ಎದುರು ಮನೆಯಲ್ಲಿ ದೀಪ ಉರಿಯುತ್ತಿತ್ತು. ಅಂದರೆ ಇಲ್ಲಿ ಮೇನ್ ಬಿದ್ದುಹೋಗಿದೆ. ಮೀಟರ್ ಬೋರ್ಡ್ ಇರುವುದು ಹೊರಗೆ, ಗೇಟಿನ ಪಕ್ಕದ ಗೂಡಿನಲ್ಲಿ. ಯಾರಾದರೂ ಹೋಗಬೇಕು.

ಈ ‘ಯಾರಾದರೂ’ ಇಷ್ಟು ವರ್ಷ ಅಪ್ಪನೇ ಆಗಿದ್ದರು. ಆಗ ಫ್ಯೂಸ್ ಕಿತ್ತು ತಂತಿ ಕಟ್ಟಬೇಕಿತ್ತು. ಅಪ್ಪ ಛತ್ರಿಯೊಂದಿಗೆ ಹೊರಟರೆ ಹುಡುಗ ಬಾಗಿಲ ಬಳಿ ನಿಂತು ಟಾರ್ಚ್ ಹಿಡಿಯುತ್ತಿದ್ದ. ಮಿಂಚು ಹೊಳೆದ ಕೂಡಲೇ ಎಣಿಸಲು ಕಲಿಸಿದ್ದೂ ಅಪ್ಪನೇ. ಬೆಳಕು ಆ ಕ್ಷಣವೇ ಬಂದುಬಿಡುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ನಡೆದು ಬರಬೇಕು. ಮೂರು ಎಣಿಸುವಷ್ಟರಲ್ಲಿ ಗುಡುಗಿದರೆ ಸಿಡಿಲು ಒಂದು ಕಿಲೋಮೀಟರ್ ದೂರ. ಎಣಿಸುತ್ತಿದ್ದರೆ ಭಯಪಡಲು ಪುರಸೊತ್ತಿರುವುದಿಲ್ಲವೆಂದು ಅಪ್ಪ ಹೇಳುತ್ತಿದ್ದರು. ಹೇಳುವವರಿಗೆ ಭಯವಿಲ್ಲವೆಂದೇ ಹುಡುಗ ತಿಳಿದಿದ್ದ.

ಅಮ್ಮ ಮಳೆ ನಿಲ್ಲಲಿ ಎಂದರು. ಹುಡುಗಿ ಕತ್ತಲಲ್ಲಿ ಅವನ ಅಂಗಿಯ ಚುಂಗು ಹಿಡಿದುಕೊಂಡಿದ್ದಳು. ‘ಹೆದರ್ಕೊಂಡ್ಯಾ?’ ಎಂದು ಕೇಳಿದ, ಅವಳನ್ನೋ ತನ್ನನ್ನೋ.

‘ಇಲ್ಲ. ನೀನಿದ್ದೀಯಲ್ಲ.’

ಹಾಗೆನಿಸಿಕೊಂಡ ಮೇಲೆ ಕೂತಿರುವುದು ಹೇಗೆ? ಮಳೆ ಕೊಂಚ ಇಳಿಯಿತು, ಗುಡುಗೂ ದೂರ ಸರಿದಂತಿತ್ತು. ಮೊಬೈಲಿನ ಬೆಳಕನ್ನು ಅವಳ ಕೈಗೆ ಕೊಟ್ಟು, ಮಿಂಚಿದಾಗಲೆಲ್ಲ ಗಟ್ಟಿಯಾಗಿ ಎಣಿಸಬೇಕೆಂದು ಹೇಳಿ, ಛತ್ರಿ ಬಿಚ್ಚಿಕೊಂಡು ಇಳಿದ. ಅಂಗಳ ಹಗಲಿನಲ್ಲಿ ಹತ್ತೇ ಹೆಜ್ಜೆ. ಚಿಕ್ಕಂದಿನಿಂದ ಅವನಿಗೆ ಸಿಡಿಲೆಂದರೆ ಆಗದು. ಅದು ಅಮ್ಮನಿಗೆ ಗೊತ್ತು, ಹುಡುಗಿಗೆ ಗೊತ್ತಿಲ್ಲ. ಒದ್ದೆ ಕೈಯಲ್ಲಿ ಮುಟ್ಟಬಾರದೆಂದು ಒಣ ಟವೆಲ್ಲಿನಿಂದ ಕೈ ಒರೆಸಿಕೊಂಡ. ಬೆಳಕು ಅಲುಗದೆ ಅವನ ಬೆನ್ನ ಮೇಲೇ ಬೀಳುತ್ತಿತ್ತು. ಸ್ವಿಚ್ಚನ್ನು ಮೇಲಕ್ಕೆ ತಳ್ಳಿದ. ಮನೆ ಬೆಳಗಿತು.

ಒಳಗೆ ಬಂದವನು ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಟವೆಲ್ಲಿನೊಳಗೆ ಸುತ್ತಿಕೊಂಡ. ಅಮ್ಮ ಬಿಸಿ ಹಾಲಿನ ಲೋಟ ತಂದು ಪಕ್ಕದಲ್ಲಿಟ್ಟು ಮೆಲ್ಲಗೆ ಹೇಳಿದರು: ‘ನಿಮ್ಮಪ್ಪನೂ ಹೀಗೇ ಕೂತ್ಕೊಳ್ಳೋರು. ನಡುಕ ನಿಲ್ಲೋವರೆಗೂ ಲೋಟ ಮುಟ್ತಿರಲಿಲ್ಲ.’

ಹುಡುಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ದೂರದಲ್ಲಿ ಎಲ್ಲೋ ಮಿಂಚಿತು. ಅವಳು ಎಣಿಸುತ್ತ ಹೋದಳು, ಆಮೇಲೆ ಒಳಗೆ ತಿರುಗಿ ಕೂಗಿದಳು: ‘ಹದಿನೈದು, ಮಾಮ! ಬೆಟ್ಟದ ಕಡೆ ಹೋಯ್ತು.’